ಎಂಟು ಕೊನೆಗೌಡರು, ಒಂದೇ ಅಡಿಕೆ ಮರ

ಶಿರಸಿ ಸೀಮೆಯ ನಮ್ಮೂರಿನ ಸೊಸೈಟಿಗೆ ಎಂಟು ಕೋರಿನ ಹೊಸ ಕಂಪ್ಯೂಟರ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಬಂದವರಿಗೆಲ್ಲ ಪಂಚಕಜ್ಜಾಯ ಹಂಚಲಾಯಿತು. ಕೋರೆಂದರೆ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ಪಿನೊಳಗೆ ಕುಳಿತು ಲೆಕ್ಕ ಮಾಡುವ ಆಳು. ಹಳೆಯದರಲ್ಲಿ ಇದ್ದದ್ದು ಎರಡೇ ಕೋರು. ವರ್ಷದ ಕೊನೆಯ ಬಡ್ಡಿ ಲೆಕ್ಕಕ್ಕೆ ಅದು ನಾಲ್ಕು ತಾಸು ತೆಗೆದುಕೊಳ್ಳುತ್ತಿತ್ತಾದ್ದರಿಂದ ಎಂಟು ಕೋರಿಗೆ ಒಂದೇ ತಾಸು ಸಾಕೆಂದು ಆಡಳಿತ ಮಂಡಳಿ ತ್ರೈರಾಶಿ ಹಾಕಿ ಠರಾವನ್ನೂ ಬರೆದಿತ್ತು. ಮಾರ್ಚ್ 31ರ ಸಂಜೆ ಲೆಕ್ಕ ಮುಗಿಯಲು ಮೂರೂಮುಕ್ಕಾಲು ತಾಸು ಹಿಡಿಯಿತು. ನಡುವೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರಿನ ಒಟ್ಟು ದುಡಿಮೆ ಶೇಕಡಾ 12 ಅಥವಾ 13ಕ್ಕೆ ಬಂದು ನಿಂತಿದೆ, ಮೇಲೇರುವ ಲಕ್ಷಣವೇ ಇಲ್ಲ. ಎಂಟರಲ್ಲಿ ಒಂದು ಪಾಲೆಂದರೆ ಅಷ್ಟೇ ತಾನೆ. ಒಂದು ಕೋರಿನಷ್ಟು ದುಡಿಮೆ ನಡೆಯುತ್ತಿತ್ತು. ಉಳಿದ ಏಳರಷ್ಟು ಶಕ್ತಿ ಮದುವೆಮನೆಯಲ್ಲಿ ಊಟ ಮುಗಿಸಿ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತ ನೆಂಟರಂತೆ ಆರಾಮವಾಗಿತ್ತು.

ಅಧ್ಯಕ್ಷರ ಅಳಿಯ ಆ ಹೊತ್ತಿಗೆ ಬೆಂಗಳೂರಿನಿಂದ ಬಂದಿದ್ದ. "ಗಡಿಬಿಡಿ ಮಾಡಡಿ ಮಾವ, ಎಂಟನ್ನೂ ಸೇರಿಸಿ ಒಂದೇ ಕೋರು ಮಾಡುವ ಚಿಪ್ ಬತ್ತಾ ಇದ್ದು" ಎಂದು ಧೈರ್ಯ ಹೇಳಿದ. ಅಧ್ಯಕ್ಷರು ಕಣ್ಣರಳಿಸಿ "ಹೌದನಾ? ಯಾವಾಗ ಬತ್ತು?" ಎಂದು ಕೇಳಿದರು. ಅಳಿಯ ಮೊಬೈಲಿನತ್ತ ನೋಡತೊಡಗಿದ.

ಆ ಚಿಪ್ ಬರುತ್ತಲೇ ಇರುವುದು ನಿಜ. 2002ರಲ್ಲಿ ಇಂಟೆಲ್ ಕಂಪನಿಯು ಒಂದು ಕೋರನ್ನು ಎರಡರಂತೆ ತೋರಿಸುವ ಹೈಪರ್‌ಥ್ರೆಡಿಂಗ್ ತಂತ್ರವನ್ನು ಮಾರುಕಟ್ಟೆಗೆ ತಂದಿತು. ಕೋರಿನ ಕೆಲಸಕ್ಕೆ ತಾಳ ಹಾಕುವ ಒಳಗಿನ ಗಡಿಯಾರದ ವೇಗವನ್ನು ಏರಿಸುತ್ತ ಹೋದಂತೆ ಪ್ರೊಸೆಸರುಗಳು ಕಾದ ಬಾಣಲೆಯಂತಾಗಿ, 2004ರಲ್ಲಿ ಅದೇ ಕಂಪನಿ ಟೆಜಾಸ್ ಎಂಬ ತನ್ನ ಹೊಸ ಪ್ರೊಸೆಸರಿನ ಯೋಜನೆಯನ್ನೇ ಕೈಬಿಟ್ಟಿತು. ಮರುವರ್ಷ ಮನೆಬಳಕೆಯ ಕಂಪ್ಯೂಟರುಗಳಿಗೆ ಎರಡು ಕೋರಿನ ಚಿಪ್ಪುಗಳು ಬಂದವು. ವೇಗ ಹೆಚ್ಚಿಸಲಾಗದವರು ಸಂಖ್ಯೆ ಹೆಚ್ಚಿಸಿದರು ಎಂಬುದಷ್ಟೇ ಇದರ ಸಾರಾಂಶ. ಆಗ, 2006ರಲ್ಲಿ, ಇಂಟೆಲ್‌ನ ಎದುರಾಳಿ ಎಎಂಡಿ ಕಂಪನಿಯು ಹೈಪರ್‌ಥ್ರೆಡಿಂಗನ್ನು ತಲೆಕೆಳಗು ಮಾಡಿ ಎರಡು ಕೋರುಗಳನ್ನು ಒಂದೇ ಬಲಭೀಮನನ್ನಾಗಿ ಮಾಡಲಿದೆಯೆಂಬ ಗುಲ್ಲು ಎದ್ದಿತು. ಅಂಗಡಿಗೆ ಬಂದಿರುವ ಚಿಪ್ಪಿನೊಳಗೇ ಅದು ಅಡಗಿ ಕುಳಿತಿದೆ, ಕೀಲಿ ತಿರುಗಿಸುವುದೊಂದೇ ಬಾಕಿ ಎಂದು ನಂಬಿದವರೂ ಇದ್ದರು. ಅಂಥ ಕೀಲಿ ಯಾರಿಗೂ ಸಿಗಲಿಲ್ಲ. 2014ರಲ್ಲಿ ಸಾಫ್ಟ್ ಮೆಷೀನ್ಸ್ ಎಂಬ ಕಂಪನಿ ವಿಸ್ಕ್ ಎಂಬ ಹೆಸರಿನಲ್ಲಿ ಇದೇ ಆಸೆಯನ್ನು ಮತ್ತೆ ಹುಟ್ಟಿಸಿತು. 2016ರಲ್ಲಿ ಇಂಟೆಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. 2025ರಲ್ಲಿ ಕೋರುಗಳನ್ನು ಕೂಡಿಸುವ ಇಂಟೆಲ್‌ನ 'ಸೂಪರ್ ಕೋರ್' ಪೇಟೆಂಟಿನ ಸುದ್ದಿ ಹೊರಬಿದ್ದಾಗ ಅಳಿಯಂದಿರೆಲ್ಲ ಮತ್ತೆ ಚುರುಕಾದರು. ಹುಬ್ಬಳ್ಳಿ-ಅಂಕೋಲಾ ರೈಲನ್ನು ನಕ್ಷೆಯಲ್ಲಿ ಮಾತ್ರ ನೋಡುತ್ತ ತಲೆ ಹಣ್ಣಾದ ನಮ್ಮ ಜಿಲ್ಲೆಯವರಿಗೆ ಕಾಗದಕ್ಕೂ ಸರಕಿಗೂ ಇರುವ ಅಂತರವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಆದರೂ ನಾವು ನಂಬುತ್ತೇವೆ.

ಕೊನೆಕೊಯ್ಲಿನ ಕಾಲದಲ್ಲಿ ತೋಟಕ್ಕೆ ಎಂಟು ಜನ ಕೊನೆಗೌಡರು ಬಂದರೆ ಎಂಟು ಮರ ಏರುತ್ತಾರೆ, ಕೊಯ್ಲು ಬೇಗ ಮುಗಿಯುತ್ತದೆ. ಇರುವುದು ಒಂದೇ ಮರವಾದರೆ ಒಬ್ಬ ಏರುತ್ತಾನೆ, ಏಳು ಜನ ಬುಡದಲ್ಲಿ ನಿಂತು ಕತ್ತು ಮೇಲೆತ್ತಿ ಸಲಹೆ ಕೊಡುತ್ತಾರೆ. ಎಂಟೂ ಜನರನ್ನು ಹಗ್ಗದಲ್ಲಿ ಬಿಗಿದು ಒಬ್ಬನೇ ಮಹಾಗೌಡನನ್ನಾಗಿ ಮಾಡಿ ಅದೇ ಮರಕ್ಕೆ ಏರಿಸುತ್ತೇವೆಂದು ಯಾರಾದರೂ ಹೇಳಿದರೆ, ತೋಟದ ಯಜಮಾನ ಮೊದಲು ಮರದ ಗತಿಯೇನೆಂದು ಕೇಳಿಯಾನು. ಅಂಗಳದಲ್ಲಿ ಅಡಿಕೆ ಸುಲಿಯುವುದು ಹಂಚಿಕೊಳ್ಳಬಹುದಾದ ಕೆಲಸ. ಮೆಟ್ಟುಗತ್ತಿಗಳು ಹೆಚ್ಚಿದಷ್ಟೂ ರಾಶಿ ಬೇಗ ಕರಗುತ್ತದೆ. ಸುಲಿದ ಮೇಲೆ ಬೇಯಿಸಬೇಕು, ಬೇಯಿಸಿದ ಮೇಲೆ ಒಣಗಿಸಬೇಕು, ಮತ್ತು ಎಂಟು ಜನ ಸುತ್ತ ನಿಂತು ದಿಟ್ಟಿಸಿದರೆ ಅಡಿಕೆ ಬೇಗ ಒಣಗುವುದಿಲ್ಲ. ಕೆಲಸದ ಹತ್ತರಲ್ಲಿ ಒಂದು ಪಾಲು ಹೀಗೆ ಒಂದರ ಹಿಂದೊಂದು ನಡೆಯಲೇಬೇಕಾದದ್ದಾದರೆ, ಎಷ್ಟು ಕೋರು ಸೇರಿಸಿದರೂ ಒಟ್ಟು ವೇಗ ಹತ್ತು ಪಟ್ಟನ್ನು ದಾಟದು ಎಂಬ ಲೆಕ್ಕವು 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಎತ್ತಿದ ವಾದದಿಂದ ಬಂದದ್ದು.

ಕೋರುಗಳನ್ನು ಕೂಡಿಸುವ ಹಂಬಲಕ್ಕೆ ಇನ್ನೊಂದು ತೊಡಕು ಮಾತುಕತೆಯದು. ಮೂರು ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಮುನ್ನೂರು ಕೋಟಿ ಮಿಡಿತದ, ಪ್ರೊಸೆಸರಿನಲ್ಲಿ ಗಡಿಯಾರದ ಒಂದು ಮಿಡಿತದೊಳಗೆ ಬೆಳಕು ಕೂಡ ಹತ್ತು ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಒಂದು ಕೋರು ತನ್ನ ಉತ್ತರವನ್ನು ಪಕ್ಕದ ಕೋರಿಗೆ ಮುಟ್ಟಿಸಲು ಸಾಮಾನ್ಯವಾಗಿ ಹತ್ತಾರು ನ್ಯಾನೋಸೆಕೆಂಡು ಬೇಕು. ಅಷ್ಟರಲ್ಲಿ ನೂರರ ಆಸುಪಾಸಿನ ಮಿಡಿತಗಳು ಕಳೆದು, ಕೇಳಿದವನೇ ಆ ಕೆಲಸವನ್ನು ಮಾಡಿ ಮುಗಿಸಿರುತ್ತಾನೆ. ಉತ್ತರಕ್ಕೆ ಕಾಯದೆ ಊಹೆಯ ಮೇಲೆ ಮುಂದೆ ಓಡುವ ಉಪಾಯವೂ ಉಂಟು. ತಾಳಮದ್ದಳೆಯಲ್ಲಿ ಕೌರವ ಏನು ಕೇಳಬಹುದೆಂದು ಮೊದಲೇ ಊಹಿಸಿ ಕೃಷ್ಣನ ಅರ್ಥಧಾರಿ ಉತ್ತರ ಹೊಸೆದಿಟ್ಟುಕೊಳ್ಳುವಂತೆಯೇ ಇದು. ಕೌರವ ದಾರಿ ಬದಲಿಸಿ ಬೇರೆಯದನ್ನೇ ಕೇಳಿದನೋ, ಹೊಸೆದದ್ದೆಲ್ಲ ವ್ಯರ್ಥ. ಇಂದಿನ ಪ್ರತಿಯೊಂದು ಕೋರೂ ನೂರಾರು ಆದೇಶಗಳಷ್ಟು ಮುಂದೆ ನೋಡಿ ಈ ಊಹೆಯನ್ನು ತನ್ನೊಳಗೇ ಸೊಗಸಾಗಿ ಮಾಡುತ್ತಿರುವುದರಿಂದ, ಪಕ್ಕದವನನ್ನು ಕರೆದು ಊಹಿಸಲು ಹೇಳಿದರೆ ಸಿಗುವ ಲಾಭ ಸ್ವಲ್ಪವೇ.

ಇಷ್ಟೆಲ್ಲ ಕೊರೆದ ಮೇಲೂ ಒಂದು ಮಾತನ್ನು ಮರೆಮಾಚುವುದು ಸರಿಯಲ್ಲ. ನಮ್ಮ ಸೊಸೈಟಿಯ ಬಡ್ಡಿ ಲೆಕ್ಕ ಒಂಟಿ ಮರವೇ ಅಲ್ಲ. ಒಬ್ಬ ಸದಸ್ಯರ ಖಾತೆಯೊಳಗೆ ಇಂದಿನ ಬಾಕಿಯು ನಿನ್ನೆಯ ಬಾಕಿಯನ್ನು ಅವಲಂಬಿಸಿದೆ, ಒಪ್ಪೋಣ. ಆದರೆ ಮೇಲಿನಕೇರಿಯ ಭಟ್ಟರ ಬಡ್ಡಿಗೂ ಕೆಳಗಿನಕೇರಿಯ ನಾಯ್ಕರ ಬಡ್ಡಿಗೂ ಯಾವ ನಂಟೂ ಇಲ್ಲ. ಖಾತೆಗಳನ್ನು ಎಂಟು ರಾಶಿ ಮಾಡಿ ಎಂಟು ಕೋರುಗಳ ಮುಂದೆ ಸುರಿದರೆ ಅದು ಅಪ್ಪಟ ಅಡಿಕೆ ಸುಲಿತ. ಅದಕ್ಕೆ ಪ್ರೋಗ್ರಾಮನ್ನು ತಿದ್ದಿ ಬರೆಯಬೇಕು. ಬರೆದಿದ್ದ ಹುಡುಗ ಎಂದೋ ಊರು ಬಿಟ್ಟಿದ್ದಾನೆ, ತಿದ್ದಲು ಕೂಲಿ ಕೇಳುವವರನ್ನು ಕಂಡರೆ ಮಂಡಳಿಗೆ ಆಗದು. ಯಂತ್ರಕ್ಕೆ ಹಣ ಕೊಟ್ಟರೆ ಯಂತ್ರವಾದರೂ ಕಣ್ಣಿಗೆ ಕಾಣುತ್ತದೆ, ಬುದ್ಧಿಗೆ ಹಣ ಕೊಟ್ಟರೆ ಆಡಿಟಿನಲ್ಲಿ ಏನು ತೋರಿಸುವುದು ಎಂಬುದು ಅವರ ಪ್ರಶ್ನೆ.

ಆದಕಾರಣ ಈ ಸಲ ಹದಿನಾರು ಕೋರಿನ ಕಂಪ್ಯೂಟರಿಗೆ ಕೊಟೇಶನ್ ತರಿಸಲಾಗಿದೆ. ಠರಾವಿಗೆ ಹನ್ನೊಂದು ಜನ ನಿರ್ದೇಶಕರೂ ಸಹಿ ಹಾಕಬೇಕು, ಅದೂ ಕ್ರಮವಾಗಿ, ಒಬ್ಬರ ಸಹಿಯ ಕೆಳಗೆ ಇನ್ನೊಬ್ಬರದು. ಠರಾವು ಪುಸ್ತಕ ಇರುವುದು ಒಂದೇ. ನಾಲ್ವರ ಸಹಿ ಬಿದ್ದು ಪುಸ್ತಕವು ಈಗ ಐದನೆಯವರ ಮನೆಯಲ್ಲಿದೆ. ಅವರು ಮಗಳ ಬಾಣಂತನಕ್ಕೆಂದು ಮನೆಮಂದಿಯೊಡನೆ ಕುಮಟಾಕ್ಕೆ ಹೋಗಿ ಹದಿನೈದು ದಿನವಾಯಿತು. ಉಳಿದ ಆರು ಜನ ಪೆನ್ನು ಹಿಡಿದುಕೊಂಡು ಸೊಸೈಟಿಯ ಜಗಲಿಯಲ್ಲೇ ಕುಳಿತಿದ್ದಾರೆ. ಕವಳದ ಬಟ್ಟಲು ಎರಡು ಸಲ ಬರಿದಾಗಿದೆ.