ಢಾಕಾದಲ್ಲಿ ಸರ್ಕಾರ ಬಿತ್ತು, ಮಂಡೀಲಿ ಆಧಾರ್ ಕೇಳಿದ್ರು

ಬಾಂಗ್ಲಾದೇಶದ ಪ್ರಧಾನಿ ಆಗಿದ್ದ ಶೇಖ್ ಹಸೀನಾ ದೇಶ ಬಿಟ್ಟು ಹೋಗಿದ್ದು 2024ರ ಆಗಸ್ಟ್ 5, ಸೋಮವಾರ. ಮಾರನೇ ದಿನ ಬೆಳಗ್ಗೆ ನಾನು ಕೋಲಾರ ಎಪಿಎಂಸಿಗೆ ಟೊಮೇಟೊ ಹಾಕ್ಕೊಂಡು ಹೋದ್ರೆ ಮಂಡಿ ತುಂಬಾ ಅದೇ ಮಾತು, ಎಲ್ರ ಮೊಬೈಲಲ್ಲೂ ಢಾಕಾದ ಪ್ರಧಾನಿ ನಿವಾಸ ಗಣಭವನಕ್ಕೆ ಜನ ನುಗ್ಗಿ ಕುರ್ಚಿ, ಸೀರೆ, ಮೀನು ಎತ್ಕೊಂಡು ಹೋಗೋ ವಿಡಿಯೋ. ನಮ್ಮ ಮಾಲು ಬಾಂಗ್ಲಾಕ್ಕೂ ಹೋಗುತ್ತಲ್ವಾ, ರೇಟಿನ ಭಯಾನೂ ಸೇರ್ಕೊಂಡಿತ್ತು, ನಂಗೂ ಇತ್ತು.

ಅದ್ರ ಹಿಂದಿನ ತಿಂಗಳು ಸರ್ಕಾರಿ ಕೆಲಸದ ಮೀಸಲಾತಿ ಗಲಾಟೇಲಿ ಅಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ರು, ಎಷ್ಟೋ ಜನ ಕಾಲೇಜು ಹುಡುಗ್ರು. ಆಗ ನಮ್ಮಲ್ಲಿ ಒಬ್ರೂ ಆ ಮಾತೆತ್ತಿರ್ಲಿಲ್ಲ. ವಿಡಿಯೋ ಬಂದ ಒಂದೇ ರಾತ್ರೀಲಿ ಎಲ್ರಿಗೂ ಎಲ್ಲಾ ಗೊತ್ತಾಗ್ಬಿಡ್ತು.

ಬಾಂಗ್ಲಾದ ಹಿಂದೂ ಕ್ರಿಕೆಟರ್ ಲಿಟನ್ ದಾಸ್ ಮನೆ ಸುಟ್ಟಾಕಿದ್ರು ಅಂತ ಒಂದು ಫೋಟೊ ಹರಿದಾಡ್ತು. ಮನೆ ಸುಟ್ಟಿದ್ದು ನಿಜ, ಆದ್ರೆ ಅದು ಮಶ್ರಫೆ ಮೊರ್ತಜಾ ಮನೆ, ಅವ್ರೂ ಕ್ರಿಕೆಟರ್ರೇ, ಹಸೀನಾ ಪಾರ್ಟಿಯಿಂದ ಎಂಪಿ ಆಗಿದ್ದೋರು. ಹಿಂದೂಗಳ ಮನೆ, ದೇವಸ್ಥಾನಗಳ ಮೇಲೆ ದಾಳಿ ಆಗಿದ್ದೂ ನಿಜ, ಇಲ್ಲ ಅಂತಿಲ್ಲ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ನಿಜಾನೇ ಅಷ್ಟೊಂದಿರೋವಾಗ ಸುಳ್ಳು ಯಾಕೆ ಬೇಕಿತ್ತು? ಸುಳ್ಳು ಅಂತ ಗೊತ್ತಾದ್ಮೇಲೂ ಅದನ್ನ ಹಾಕ್ದೋರು ಯಾರೂ ತಪ್ಪಾಯ್ತು ಅಂತ ಇನ್ನೊಂದು ಸ್ಟೇಟಸ್ ಹಾಕಿದ್ದು ನಾನಂತೂ ನೋಡ್ಲಿಲ್ಲ.

ನಾನು ಹಾಕೋ ಮಂಡೀಲಿ ಟೊಮೇಟೊ ಆರಿಸೋ ಹುಡುಗ ಒಬ್ನಿದಾನೆ, ಮುರ್ಷಿದಾಬಾದ್ ಕಡೆಯವ್ನು, ಅಂದ್ರೆ ಪಶ್ಚಿಮ ಬಂಗಾಳ, ನಮ್ಮ ದೇಶಾನೇ. ಮೂರು ವರ್ಷದಿಂದ ನೋಡ್ತಿದೀನಿ, ಕಾಯಿ, ದೋರೆ, ಹಣ್ಣು ಅಂತ ನಮ್ಮ ಮಾತಲ್ಲೇ ಹೇಳ್ಕೊಂಡು ಬೇರೆ ಬೇರೆ ಮಾಡ್ತಾನೆ. ಅವತ್ತು, ದಿನಾ ಅವನ ಜೊತೆ ಟೀ ಕುಡಿಯೋನೇ ಒಬ್ಬ ಫೋನ್ ಜೇಬಿಗಿಟ್ಟು "ಏಯ್, ನಿನ್ ಆಧಾರ್ ತೋರ್ಸೋ" ಅಂದ. ಹುಡುಗ ಮರುಮಾತಾಡ್ದೆ ಕೈ ಪ್ಯಾಂಟಿಗೆ ಒರೆಸ್ಕೊಂಡು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ಆಧಾರ್ ತೆಗ್ದ. ಯಾರಾದ್ರೂ ಕೇಳ್ತಾರೆ ಅಂತಾನೇ ಇಟ್ಕೊಂಡಿದ್ದ ಕಣ್ರಪ್ಪ. ನಾಲ್ಕು ಜನ ತಿರುಗಿಸಿ ಮುರುಗಿಸಿ ನೋಡಿದ್ರು, ಅಲ್ಲೇ ನಿಂತಿದ್ದ ನಂಗೆ ಬಾಯೇ ಬರ್ಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಢಾಕಾದಲ್ಲಿ ಏನೋ ಆಯ್ತು, ನಮ್ಮ ಸಿಟ್ಟಿಗೆ ಕೈಗೆ ಸಿಕ್ಕಿದ್ದು ಅವನು.

ಆ ಲಿಟನ್ ದಾಸ್ ಫೋಟೊ ನಮ್ಮೂರ ಗ್ರೂಪಲ್ಲಿ ಇನ್ನೂ ಇದೆ, ಮೊನ್ನೆ ಹಳೇದು ಹುಡುಕ್ತಾ ಇದ್ದಾಗ ಕಣ್ಣಿಗೆ ಬಿತ್ತು. ಹಾಕಿದೋರು ಇದನ್ನ ಓದ್ತಿದ್ರೆ ದಯವಿಟ್ಟು ತೆಗೀರಿ.