ಹಾಸ್ಟೆಲ್ ವೈಫೈ, ಮಕ್ಕಳ ಲ್ಯಾಪ್‌ಟಾಪ್, ಮೊದಲ ಮದ್ದು

ಹೋದ ವರ್ಷ ಜೂನ್ ಮೊದಲ ವಾರ. ಅಡಿಕೆ ತೋಟಕ್ಕೆ ಕೊಳೆರೋಗದ ಮೊದಲ ಮದ್ದು ಹೊಡೆಸ್ತಾ ಇದ್ದೆ, ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡ ಮೇಲೆ, ನಾನು ಕೆಳಗೆ ಡ್ರಮ್ಮಲ್ಲಿ ಮೈಲುತುತ್ತ ಸುಣ್ಣ ಕದಡ್ತಾ ನಿಂತಿದ್ದೆ. ಆಗ ಅಕ್ಕನ ಮಗನ ಫೋನು ಬಂತು. "ಮಾವಾ, ಲ್ಯಾಪ್‌ಟಾಪಲ್ಲಿ ಒಂದೂ ಫೈಲ್ ಓಪನ್ ಆಗ್ತಿಲ್ಲೆ, ಎಂತ ಮಾಡವು?" ಅಂದ. ದನಿ ನಡುಗ್ತಿತ್ತು.

ಅವ ಕರಾವಳಿ ಕಡೆ ಪಿಜಿ ಮಾಡ್ತಿದ್ದ, ಹಾಸ್ಟೆಲಲ್ಲಿ ಇದ್ದ. ಪ್ರಾಜೆಕ್ಟ್ ಕುಮಟಾ ಕಡೆಯ ಗಜನಿ ಭೂಮಿಯ, ಅಂದ್ರೆ ಉಪ್ಪುನೀರು ನುಗ್ಗೋ ಗದ್ದೆಯ, ಕಗ್ಗ ಭತ್ತದ ಮೇಲೆ, ಉಪ್ಪುನೀರಲ್ಲೂ ಬೆಳೆಯೋ ಭತ್ತ ಅದು. ಮನೆಮನೆ ತಿರುಗಿ ನಲವತ್ತೆರಡು ರೈತರ ಹತ್ರ ಕೂತು ಬರ್ಕೊಂಡ ಲೆಕ್ಕ ಎಲ್ಲಾ ಅದೇ ಲ್ಯಾಪ್‌ಟಾಪಲ್ಲಿ, ಸಬ್ಮಿಟ್ ಮಾಡೋಕೆ ಹನ್ನೊಂದೇ ದಿನ ಬಾಕಿ. ಮರುದಿನ ಬೆಳಿಗ್ಗೆ ಬಸ್ ಹಿಡಿದು ಘಟ್ಟ ಇಳಿದು ಹೋದೆ. ನೋಡಿದ್ರೆ ಪ್ರತಿ ಫೈಲಿನ ಹೆಸರಿನ ಹಿಂದೆ ಅರ್ಥ ಇಲ್ದ ಅಕ್ಷರಗಳ ಬಾಲ, ಪ್ರತಿ ಫೋಲ್ಡರಲ್ಲೂ ಒಂದು ಟೆಕ್ಸ್ಟ್ ಫೈಲು, ದುಡ್ಡು ಕಳ್ಸಿದ್ರೆ ಕೀಲಿ ಕೊಡ್ತೇವೆ ಅಂತ. ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸು, ರ್‍ಯಾನ್ಸಮ್‌ವೇರ್.

ನಾನು ಹನ್ನೆರಡು ವರ್ಷ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡ್ಕೊಂಡವ, ಎಲ್ಲಿಂದ ಬಂತು ಅಂತ ಹುಡುಕೋಕೆ ಬಹಳ ಹೊತ್ತು ಬೇಕಾಗ್ಲಿಲ್ಲ. ಆಫೀಸ್ ಸಾಫ್ಟ್‌ವೇರ್ ಪುಕ್ಕಟೆ ಓಡಿಸೋಕೆ ಟೆಲಿಗ್ರಾಮಲ್ಲಿ ಸಿಕ್ಕಿದ್ದ ಆಕ್ಟಿವೇಟರ್, ಅದರ ಜೊತೆಗೆ ಬಂದ ಸೂಚನೆಯ ಮೊದಲ ಸಾಲೇ "ಡಿಫೆಂಡರ್ ಆಫ್ ಮಾಡಿ", ವಿಂಡೋಸಿನ ಒಳಗೇ ಇರೋ ವೈರಸ್ ಕಾವಲುಗಾರ ಅದು. ಬಾಗಿಲು ತೆಗೆದಿಟ್ಟು ಒಳಗೆ ಬನ್ನಿ ಅಂದ ಹಾಗಾಯ್ತು. ಅದ್ಕಿಂತ ಹೊಟ್ಟೆ ಉರಿದಿದ್ದು ಮತ್ತೊಂದು ವಿಷ್ಯಕ್ಕೆ. ಹಾಸ್ಟೆಲಲ್ಲಿ ನೋಟ್ಸ್ ಹಂಚ್ಕೊಳ್ಳೋಕೆ ಹುಡುಗ್ರೆಲ್ಲಾ ಫೋಲ್ಡರ್ ಶೇರ್ ಮಾಡಿ ಯಾರು ಬೇಕಾದ್ರೂ ಬರೀಬಹುದು ಅಂತ ಬಿಟ್ಟಿದ್ರು, ಇವನ ಲ್ಯಾಪ್‌ಟಾಪಿಂದ ಪಕ್ಕದ ರೂಮಿನ ಇಬ್ಬರ ಶೇರ್ ಫೋಲ್ಡರೂ ಹೋಯ್ತು. ಅವ್ರು ಏನೂ ತಪ್ಪು ಡೌನ್‌ಲೋಡ್ ಮಾಡಿರ್ಲಿಲ್ಲ.

ಮನೆಯಲ್ಲಿ ಒಂದು ರೌಟರಿಗೆ ನಾಲ್ಕು ಮೊಬೈಲು ಒಂದು ಲ್ಯಾಪ್‌ಟಾಪ್ ಇರ್ತದೆ, ಎಲ್ಲಾ ನಮ್ಮವೇ. ಕಾಲೇಜು ನೆಟ್‌ವರ್ಕಲ್ಲಿ ಹಾಗಲ್ಲ, ನೂರಾರು ಜನರ ಮಷೀನು ಒಂದೇ ಬಲೆಯಲ್ಲಿ, ಬೇರೆ ಬೇರೆ ಮಾಡಿ ಇಟ್ಟಿರದಿದ್ರೆ ಒಂದಕ್ಕೊಂದು ಕಾಣ್ತವೆ. 1988ರ ನವೆಂಬರಲ್ಲಿ ಇಂಟರ್ನೆಟ್ಟಿನ ಮೊದಲ ದೊಡ್ಡ ವರ್ಮ್ (ತಾನೇ ಮಷೀನಿಂದ ಮಷೀನಿಗೆ ಹರಡೋ ಪ್ರೋಗ್ರಾಮು) ಹರಡಿದ್ದೂ ಯೂನಿವರ್ಸಿಟಿ ಕಂಪ್ಯೂಟರುಗಳ ಮೇಲೇ, ಬಿಟ್ಟವನೂ ಒಬ್ಬ ವಿದ್ಯಾರ್ಥಿ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ರಾಬರ್ಟ್ ಮಾರಿಸ್. 2017ರ ವಾನಾಕ್ರೈ ಅನ್ನೋ ರ್‍ಯಾನ್ಸಮ್‌ವೇರ್ ನೆನಪಿರ್ಬಹುದು, ವಿಂಡೋಸಿನ ಫೈಲ್ ಶೇರಿಂಗಲ್ಲಿದ್ದ ತೂತಿಂದ ನುಗ್ಗಿ, ಯಾರೂ ಏನೂ ಕ್ಲಿಕ್ ಮಾಡದೇ ಮಷೀನಿಂದ ಮಷೀನಿಗೆ ಹಾರ್ತಿತ್ತು. ಅದು ಬಂದಿದ್ದು ಮೇ 12ಕ್ಕೆ. ಆ ತೂತು ಮುಚ್ಚೋ ಅಪ್‌ಡೇಟ್ ಮೈಕ್ರೋಸಾಫ್ಟ್ ಬಿಟ್ಟಿದ್ದು ಮಾರ್ಚಲ್ಲೇ, ಎರಡು ತಿಂಗ್ಳು ಮೊದ್ಲು.

ನಮ್ಮ ಶಿರಸಿ ಕಡೆಯವ್ರಿಗೆ ಇದನ್ನ ಬಿಡ್ಸಿ ಹೇಳ್ಬೇಕಾ? ಕೊಳೆಗೆ ಮದ್ದು ಹೊಡೆಯೋದು ಮಳೆ ಹಿಡಿಯೋ ಮೊದ್ಲು, ಅಡಿಕೆ ಉದುರೋಕೆ ಶುರುವಾದ್ಮೇಲೆ ಹೊಡೆದ್ರೆ ಉಳಿದಿದ್ದಷ್ಟೇ ಉಳೀತದೆ. ಒಬ್ಬ ಹೊಡೆಸದೇ ಬಿಟ್ರೆ ಪಕ್ಕದ ತೋಟದವನಿಗೂ ಕಷ್ಟ. ಅಪ್‌ಡೇಟೂ ಹಾಗೇ, "ರಿಮೈಂಡ್ ಮಿ ಲೇಟರ್" ಒತ್ತಿ ಒತ್ತಿ ಆರು ತಿಂಗ್ಳು ಮುಂದೂಡೋ ಲ್ಯಾಪ್‌ಟಾಪ್ ಒಂದು ಹಾಸ್ಟೆಲಲ್ಲಿದ್ರೆ ಅದು ಪಕ್ಕದ ರೂಮಿನವನ ತೊಂದ್ರೇನೂ ಹೌದು.

ಅದ್ಕೆ ಮಕ್ಕಳನ್ನ ಹಾಸ್ಟೆಲಿಗೆ ಬಿಡೋ ಅಪ್ಪ ಅಮ್ಮಂದಿರಿಗೆ ಕೇಳ್ಕೊಳ್ತೇನೆ, ಹಾಸಿಗೆ ಬಕೆಟ್ ಜೊತೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಡ್ಸಿ, ವಾರಕ್ಕೊಮ್ಮೆ ಕಾಪಿ ಮಾಡಿ ಕೇಬಲ್ ಕಿತ್ತು ಕಪಾಟಲ್ಲಿಡೋಕೆ ಹೇಳಿ. ಹಚ್ಚಿಯೇ ಇಟ್ರೆ ಅದೂ ಲಾಕ್ ಆಗ್ತದೆ, ನಮ್ಮ ಹುಡುಗನ ಪೆನ್‌ಡ್ರೈವ್ ಹಾಗೇ ಹೋಗಿದ್ದು. ವೈಫೈಗೆ ಕನೆಕ್ಟ್ ಆದಾಗ ಪಬ್ಲಿಕ್ಕಾ ಪ್ರೈವೇಟಾ ಅಂತ ಕೇಳಿದ್ರೆ ಪಬ್ಲಿಕ್ ಒತ್ತಿ, ಬೇರೆಯವ್ರ ಕಣ್ಣಿಗೆ ನಿಮ್ಮ ಮಷೀನು ಬೀಳೋದು ಕಮ್ಮಿ ಆಗ್ತದೆ. ದಿನಾ ಬಳಸೋಕೆ ಅಡ್ಮಿನ್ (ಮಷೀನಿನ ಪೂರ್ತಿ ಅಧಿಕಾರ ಇರೋದು) ಅಲ್ಲದ ಅಕೌಂಟ್ ಮಾಡ್ಕೊಳ್ಳಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಂತೂ ಬೇಡ್ವೇ ಬೇಡ, ಲಿಬ್ರೆ ಆಫೀಸ್ ಪುಕ್ಕಟೆ ಸಿಗ್ತದೆ, ಯೂನಿಕೋಡಲ್ಲಿ ಕನ್ನಡ ಚೊಲೋ ಬರ್ತದೆ, ಪ್ರಾಜೆಕ್ಟ್ ರಿಪೋರ್ಟಿಗೆ ಧಾರಾಳ ಸಾಕು. ಅಣ್ಣ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ಕೊಟ್ಟು ಕಳ್ಸೋರು ಒಂದ್ಸಲ ನೋಡಿ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ಅದಕ್ಕೆ ವಿಂಡೋಸ್ 11 ಹತ್ತದಿದ್ರೆ ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕ್ಸಿ.

ಕಾಲೇಜುಗಳ ಬಗ್ಗೆ ನಂಗೆ ನಿಜವಾಗ್ಲೂ ಬೇಜಾರಿದೆ. ಅಡ್ಮಿಶನ್ ದಿನ ರ್‍ಯಾಗಿಂಗ್ ಬಗ್ಗೆ ಬರೆಸ್ಕೊಳ್ತಾರೆ, ಮೆಸ್ ಟೈಮ್ ಹೇಳ್ತಾರೆ, ವೈಫೈ ಪಾಸ್‌ವರ್ಡ್ ಮಾತ್ರ ಬೋರ್ಡ್ ಮೇಲೆ ಬರ್ದು ಮುಗಿಸ್ತಾರೆ. ಅರ್ಧ ಗಂಟೆ ಕೂರ್ಸಿ ಹೇಳೋಕಾಗಲ್ವಾ? ನಮ್ಮ ಹುಡುಗ ಹುಷಾರಿನವ, ಯಾರೂ ಹೇಳಿರ್ಲಿಲ್ಲ ಅಷ್ಟೇ. ನಂಗೆ ಬೈಯ್ಯೋಕೆ ಬಾಯೇ ಬರ್ಲಿಲ್ಲ.

ದುಡ್ಡು ಕೊಡ್ಲಿಲ್ಲ, ಕೊಟ್ರೂ ಕೀಲಿ ಸಿಗ್ತದೆ ಅಂತ ಗ್ಯಾರಂಟಿ ಎಂತದೂ ಇಲ್ಲ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ವಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸ್ ಎಲ್ಲಾ ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ್‍ಯಾನ್ಸಮ್' ಸೈಟಲ್ಲಿ ಕೆಲವು ತಳಿಗೆ ಉಚಿತ ಕೀಲಿ ಇರ್ತದೆ, ಹುಡುಕಿದ್ವಿ, ಇದಕ್ಕೆ ಇರ್ಲಿಲ್ಲ. ರೈತರ ಮಾತು ಫೋನಲ್ಲಿ ರೆಕಾರ್ಡ್ ಆಗಿದ್ದು ಪುಣ್ಯ. ಹನ್ನೊಂದು ದಿನ ರಾತ್ರಿ ಹಗಲು ಕೇಳಿ ಕೇಳಿ ಮತ್ತೆ ಟೈಪ್ ಮಾಡಿದ, ಆರು ರೆಕಾರ್ಡಿಂಗ್ ಕಾರ್ಡ್ ತುಂಬಿದೆ ಅಂತ ಮೊದ್ಲೇ ಅಳಿಸಿದ್ದ, ಹಾಗಾಗಿ ರಿಪೋರ್ಟಲ್ಲಿ ಮೂವತ್ತಾರೇ ರೈತರು.

ಈ ವರ್ಷ ಹಾಸ್ಟೆಲಿಗೆ ಬಂದ ಹೊಸ ಹುಡುಗ್ರ ಲ್ಯಾಪ್‌ಟಾಪ್ ಅವನೇ ಕೂತು ನೋಡಿ ಕೊಟ್ಟನಂತೆ. ನಾಲ್ಕರಲ್ಲಿ ಅದೇ ಆಕ್ಟಿವೇಟರ್ ಸಿಕ್ತು ಅಂತ ಮೊನ್ನೆ ಫೋನ್ ಮಾಡಿ ಹೇಳ್ದ.