ಕಾಲೇಜಿಗೆ ಆಡುವವರಿಗೆ ತಿಂಗಳಿಗಿಷ್ಟು ದುಡ್ಡು ಕೊಡಬೇಕೇ?

ಪರ: ಆಡಿಸುವವರು ಕೊಡಲಿ

ಮಂಡ್ಯದ ಒಂದು ಕಾಲೇಜಿಗೆ ಮೂರು ವರ್ಷ ಕಬಡ್ಡಿ ಆಡಿದ್ದೇನೆ. ರೈಡರ್ ಆಗಿದ್ದೆ. ಬೆಳಿಗ್ಗೆ ಐದೂವರೆಗೆ ಮೈದಾನ, ಆಮೇಲೆ ಕ್ಲಾಸು, ಸಂಜೆ ಮತ್ತೆ ಮೈದಾನ. ಏಳು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ಹೋಗುವಂತಿಲ್ಲ, ಗೆಳೆಯನ ರೂಮೇ ಗತಿ. ಶೂ, ಮೊಟ್ಟೆ, ಬಾಳೆಹಣ್ಣು, ಬಸ್ ಚಾರ್ಜು ಎಲ್ಲವೂ ಅಪ್ಪನ ಜೇಬಿನದೇ.

ಎರಡನೇ ವರ್ಷ ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ಪಾದ ಹಿಡಿದು ಎಳೆದರು. ಮಂಡಿ ತಿರುಗಿತು, ಲಿಗಮೆಂಟ್ ಹರಿದಿತ್ತು. ಆಟೋಗೆ ನಮ್ಮನ್ನು ಆಡಿಸುತ್ತಿದ್ದ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ತಮ್ಮ ಕೈಯಿಂದಲೇ ಕೊಟ್ಟರು. ಆಪರೇಷನ್ನಿಗೆ ಅಮ್ಮನ ಓಲೆ ಅಡವಿಗೆ ಹೋಯಿತು. ಕಾಲೇಜಿನಿಂದ ಒಂದು ಪೈಸೆ ಬರಲಿಲ್ಲ. ಮೇಲಿಂದ, ಹಾಜರಾತಿ ಶೇ 75 ಇಲ್ಲ ಅಂತ ಹಾಲ್ ಟಿಕೆಟ್ ತಡೆದರು. ನಾನು ಎಲ್ಲಿಗೆ ಹೋಗಿದ್ದೆ? ಅವರ ಹೆಸರಿನ ಜೆರ್ಸಿ ಹಾಕಿಕೊಂಡು ಆಡೋಕೆ ತಾನೇ? ಮುಂದಿನ ವರ್ಷ ಅಡ್ಮಿಷನ್ ಬ್ಯಾನರಿನಲ್ಲಿ ಕಪ್ ಹಿಡಿದ ನನ್ನ ಫೋಟೊ ಇತ್ತು. ಆ ಬ್ಯಾನರ್ ಕೆಳಗೇ ಕುಂಟಿಕೊಂಡು ಓಡಾಡಿದ್ದೇನೆ.

ಅಮೆರಿಕದಲ್ಲೂ ಇದೇ ಜಗಳ ಬಹಳ ವರ್ಷ ನಡೆಯಿತು. ಅಲ್ಲಿನ ಕಾಲೇಜು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ ಟಿವಿಯಿಂದ ಹೊಳೆಯಂತೆ ಹಣ ಬರುತ್ತದೆ. ಆಡುವವರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಸ್ಕಾಲರ್‌ಶಿಪ್. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಓದಿಗೆ ಸಂಬಂಧಿಸಿದ ಸವಲತ್ತಿಗೆ ಮಿತಿ ಹಾಕಿದ್ದ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ವಿರುದ್ಧ ತೀರ್ಪು ಕೊಟ್ಟರು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರು, ಫೋಟೊದಿಂದ ದುಡಿಯಬಹುದು ಎಂದಾಯಿತು. 2025ರಿಂದ ಒಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೇ ಹಂಚಬಹುದು.

ನಮಗೆ ಅಷ್ಟು ಬೇಡ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾಗೆ ಆಯ್ಕೆಯಾದವರಿಗೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಇದೆ. ಆದರೆ ಅಲ್ಲಿಗೆ ಮುಟ್ಟುವವರು ಎಷ್ಟು ಜನ? ಉಳಿದವರಿಗೆ ಕಾಲೇಜು ಅದರ ಕಾಲು ಭಾಗ ಕೊಡಲಿ. ಆಡಿಸುವವರು ಕೊಡಲೇಬೇಕು.

ವಿರೋಧ: ದುಡ್ಡು ಬೇಡ, ಸಮಯ ಕೊಡಿ

ಈ ಪಕ್ಷ ವಹಿಸಿ ಬರೆಯಲು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ನಾನು ಮೈಸೂರಿನಲ್ಲಿ ಪಾಠ ಮಾಡುವವಳು.

ಅಮೆರಿಕದ ಮಾತು ಇಲ್ಲಿ ಹೊಂದುವುದಿಲ್ಲ. ನಮ್ಮ ಅಂತರ ಕಾಲೇಜು ಪಂದ್ಯಕ್ಕೆ ಟಿಕೆಟ್ ಇಲ್ಲ, ಟಿವಿ ಇಲ್ಲ. ಹಾಗಾದರೆ ದುಡ್ಡು ಎಲ್ಲಿಂದ? ಉಳಿದ ಮಕ್ಕಳ ಫೀಸಿನಿಂದಲೇ ಅಲ್ವಾ? ಇವತ್ತು ಕಬಡ್ಡಿಗೆ ಕೊಟ್ಟರೆ ನಾಳೆ ಎನ್‌ಸಿಸಿಯವರು, ನಾಟಕದವರು, ಡೊಳ್ಳಿನವರು ಎಲ್ಲರೂ ಸಂಬಳ ಕೇಳುತ್ತಾರೆ. ಗಾಯಕ್ಕೆ ವಿಮೆ ಮಾಡಿಸಬೇಕು, ಅದು ಬೇರೆ ವಿಷಯ.

ಜಾವಗಲ್ ಶ್ರೀನಾಥ್ ಇದೇ ಊರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. 1991ರಲ್ಲಿ ಭಾರತ ತಂಡ ಸೇರಿದರು. ಓದು, ಆಟ ಎರಡೂ ಸಾಧ್ಯ.

ನನ್ನ ಕ್ಲಾಸಿನಲ್ಲಿ ಖೊ ಖೊ ಆಡುವ ಹುಡುಗಿಯೊಬ್ಬಳು ಇದ್ದಳು. ಟೂರ್ನಮೆಂಟ್ ಮುಗಿಸಿ ಬರುವಷ್ಟರಲ್ಲಿ ಎರಡು ಇಂಟರ್ನಲ್ಸ್ ಆಗಿಹೋಗಿದ್ದವು. ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಟ್ಟೆ. ಅವಳು ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ‘ಮೇಡಂ, ಟೆಸ್ಟ್ ಇನ್ನೊಂದು ಸಲ ಕೊಡ್ತೀರಾ?’ ಅಂತಷ್ಟೇ ಕೇಳಿದಳು. ನಾನು ಕೊಟ್ಟೆ. ಬೇರೆ ಇಬ್ಬರು ಮೇಷ್ಟ್ರು ಕೊಡಲಿಲ್ಲ.